ಸಂಪಾದಕರ ಉತ್ತರ: ಐದು ಕಡೆ ಓಡಬೇಡಿ, ಒಂದು ಕಡೆ ನಿಲ್ಲಿ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗೂ ತಿಳಿಯಲಿ ಅಂತ ಅದರಲ್ಲಿ ಏನಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ಕೆಲಸಕ್ಕಾಗಿ ಹೊಸ ನಗರಕ್ಕೆ ಬಂದಿದ್ದೀರಿ. ರಜೆಯೆಲ್ಲ ಮೊಬೈಲಿನಲ್ಲೇ ಕಳೆದುಹೋಗುತ್ತಿದೆ ಅನ್ನಿಸಿ, ಒಂದು ಶನಿವಾರ ಪಟ್ಟಿ ಹಿಡಿದು ಹೊರಟಿರಿ. ಎರಡು ಚಿತ್ರಪ್ರದರ್ಶನ, ಒಂದು ಕರಕುಶಲ ಮೇಳ, ಸಂಜೆ ಸಂಗೀತ, ಅದಾದ ಮೇಲೆ ನಾಟಕ. ಮನೆಗೆ ಬಂದಾಗ ಕಾಲುನೋವು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಒಂದು ಗ್ಯಾಲರಿಯಿಂದಂತೂ ಹತ್ತೇ ನಿಮಿಷದಲ್ಲಿ ಹೊರಬಂದಿರಿ. "ಏನು ಅರ್ಥ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ, ಅದು ನನ್ನಂಥವರ ಜಾಗ ಅಲ್ಲ ಅನ್ನಿಸಿತು" ಎಂದು ಬರೆದಿದ್ದೀರಿ. ಹೆಸರೇ ಕೇಳದವರ ಚಿತ್ರ ನೋಡಲು ಯಾಕೆ ಹೋಗಬೇಕು, ಏನೂ ಕೊಳ್ಳದೆ ಬರಬಹುದಾ, ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ ಎಂದೂ ಕೇಳಿದ್ದೀರಿ.

ಮೊದಲು ಆ ಹತ್ತು ನಿಮಿಷದ ವಿಷಯ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಜನ ಹೆಸರಾಂತ ಚಿತ್ರಗಳ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದರು. 2001ರಲ್ಲಿ ಅದು ಪ್ರಕಟವಾಯಿತು. ಒಂದು ಚಿತ್ರದ ಮುಂದೆ ಸರಾಸರಿ 27 ಸೆಕೆಂಡ್. ಅರ್ಧದಷ್ಟು ಸಲ 17 ಸೆಕೆಂಡೂ ದಾಟಿರಲಿಲ್ಲ. ಪಕ್ಕದ ಫಲಕ ಓದಿದ ಹೊತ್ತೂ ಅದರಲ್ಲೇ ಸೇರಿತ್ತು. ದುಡ್ಡು ಖರ್ಚು ಮಾಡಿಕೊಂಡು, ದೂರದಿಂದ ಬಂದವರ ಕಥೆಯೇ ಇದು. ಹಾಗಾಗಿ "ನನ್ನಂಥವರು" ಅಂತ ನೀವು ಬೇರೆ ಗುಂಪು ಮಾಡಿಕೊಳ್ಳುವುದು ಬೇಡ. ಎಲ್ಲರೂ ನಿಮ್ಮಂಥವರೇ. ಕೆಲವರು ಕೈಕಟ್ಟಿಕೊಂಡು ಗಂಭೀರವಾಗಿ ನಿಲ್ಲುವುದನ್ನು ಕಲಿತಿರುತ್ತಾರೆ, ಅಷ್ಟೇ.

ತೊಂದರೆ ಇರುವುದು ನಿಮ್ಮ ಪಟ್ಟಿಯಲ್ಲಿ. ಒಂದು ವಾರಾಂತ್ಯಕ್ಕೆ ಒಂದೇ ಪ್ರದರ್ಶನ ಇಟ್ಟುಕೊಳ್ಳಿ. ಒಳಗೆ ಹೋದ ಮೇಲೆ ಒಂದು ಸುತ್ತು ಬೇಗ ಮುಗಿಸಿ. ಫಲಕ ಓದಬೇಡಿ, ಸುಮ್ನೆ ನಡೆಯಿರಿ. ಯಾವುದೋ ಒಂದು ಚಿತ್ರ ನಿಮ್ಮನ್ನು ತಡೆಯುತ್ತದೆ. ಇಷ್ಟವಾಗಿಯೇ ತಡೆಯಬೇಕು ಅಂತೇನಿಲ್ಲ, ಸಿಟ್ಟು ಬರಿಸಿದರೂ ಆಯಿತು. ಎರಡನೇ ಸುತ್ತಿನಲ್ಲಿ ನೇರ ಅದರ ಹತ್ತಿರ ಹೋಗಿ ಹತ್ತು ನಿಮಿಷ ನಿಲ್ಲಿ. ಇದು ನಾನು ಕಂಡುಹಿಡಿದ ಉಪಾಯ ಅಲ್ಲ. 2010ರಿಂದ ಪ್ರತಿ ಏಪ್ರಿಲ್‌ನಲ್ಲಿ ಹಲವು ದೇಶಗಳ ಮ್ಯೂಸಿಯಂಗಳು 'ಸ್ಲೋ ಆರ್ಟ್ ಡೇ' ಅಂತ ಒಂದು ದಿನ ಆಚರಿಸುತ್ತವೆ. ಬಂದವರು ನಾಲ್ಕೈದು ಕೃತಿಗಳನ್ನಷ್ಟೇ ನಿಧಾನವಾಗಿ ನೋಡಿ, ಆಮೇಲೆ ಕೂತು ಮಾತಾಡುತ್ತಾರೆ.

ಹತ್ತು ನಿಮಿಷ ಏನು ಮಾಡುವುದು ಅಂತ ಕೇಳುತ್ತೀರಿ, ಅಲ್ವಾ? ಮೊದಲ ಎರಡು ನಿಮಿಷ ಬೇಜಾರಾಗುತ್ತದೆ. ಆಗಲಿ ಬಿಡಿ. ಆಮೇಲೆ ಹತ್ತಿರ ಹೋಗಿ. ಬಣ್ಣ ದಪ್ಪಗಿದೆಯೋ ತೆಳ್ಳಗಿದೆಯೋ, ಕುಂಚ ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ, ಎಲ್ಲಿ ಬಣ್ಣ ಕೆರೆದು ಮತ್ತೆ ಬಳಿದಿದ್ದಾರೆ ಎಂದು ನೋಡಿ. ಹಿಂದೆ ಸರಿಯಿರಿ. ಪಕ್ಕಕ್ಕೆ ಸರಿದೂ ನೋಡಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಹೋಲ್ಬೈನ್ ಎಂಬ ಜರ್ಮನ್ ಚಿತ್ರಕಾರ 1533ರಲ್ಲಿ ಬರೆದ 'ರಾಯಭಾರಿಗಳು' ಎಂಬ ಚಿತ್ರವಿದೆ. ಇಬ್ಬರು ಶ್ರೀಮಂತರು ಠೀವಿಯಿಂದ ನಿಂತಿದ್ದಾರೆ. ಅವರ ಕಾಲಿನ ಹತ್ತಿರ ಎಳೆದು ಹಿಗ್ಗಿಸಿದಂಥ ಏನೋ ಒಂದು ಬಿಳಿ ಆಕಾರ. ನೇರ ನಿಂತರೆ ಅದೇನೆಂದು ತಿಳಿಯುವುದೇ ಇಲ್ಲ. ಬಲಕ್ಕೆ ಸರಿದು ಓರೆಯಾಗಿ ನೋಡಿದರೆ ಅದು ತಲೆಬುರುಡೆ! 17 ಸೆಕೆಂಡ್ ನಿಂತು ಹೋದವರಿಗೆ ಆ ಬುರುಡೆ ಕಾಣುವುದು ಕಷ್ಟ.

ಕೋಣೆ ಮಬ್ಬಾಗಿತ್ತು, ಸರಿಯಾಗಿ ಕಾಣಲಿಲ್ಲ ಎಂದೂ ದೂರಿದ್ದೀರಿ. ಬಹುಶಃ ಅಲ್ಲಿ ಜಲವರ್ಣವೋ ಕಾಗದದ ಮೇಲಿನ ಹಳೆಯ ಕೆಲಸವೋ ಇದ್ದಿರಬೇಕು. ಬೆಳಕಿಗೆ ಅಂಥ ಬಣ್ಣ ಮಾಸುತ್ತದೆ, ಮಾಸಿದ್ದು ಮತ್ತೆ ಬರುವುದಿಲ್ಲ. ಅದಕ್ಕೇ ಮ್ಯೂಸಿಯಂಗಳಲ್ಲಿ ಬೆಳಕನ್ನು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಸುತ್ತಮುತ್ತ ಇಡುತ್ತಾರೆ. ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ನೀವು ಅಷ್ಟರಲ್ಲಿ ಹೊರಟುಬಿಟ್ಟಿದ್ದಿರಿ!

ಫಲಕವನ್ನು ಕೊನೆಗೆ ಓದಿ. ಎಣ್ಣೆಬಣ್ಣವೋ ಅಕ್ರಿಲಿಕ್ಕೋ, ಯಾವ ವರ್ಷದ್ದು ಎಂಬುದು ಅಲ್ಲಿರುತ್ತದೆ. ಶೀರ್ಷಿಕೆಗೆ ಜಾಸ್ತಿ ಜೋತುಬೀಳಬೇಡಿ. ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ 1948ರ ಹೊತ್ತಿಗೆ ಹೆಸರಿಡುವುದನ್ನೇ ಬಿಟ್ಟು ಚಿತ್ರಗಳಿಗೆ ಬರೀ ನಂಬರ್ ಕೊಡತೊಡಗಿದ. ಜನ ಹೆಸರನ್ನಲ್ಲ, ಚಿತ್ರವನ್ನು ನೋಡಲಿ ಅಂತ. ಇನ್ನು ಬಾಗಿಲ ಬಳಿ ಗೋಡೆ ತುಂಬ ಬರೆದಿರುವ ಪೀಠಿಕೆ ನಿಮಗೆ ಅರ್ಥವಾಗಲಿಲ್ಲ ಅಂದಿರಿ. ಸಂಪಾದಕನಾಗಿ ಹೇಳುತ್ತೇನೆ, ಅಂಥ ಬರಹಗಳಲ್ಲಿ ಹೆಚ್ಚಿನವು ನನ್ನ ಮೇಜಿಗೆ ಬಂದಿದ್ದರೆ ಅರ್ಧಕ್ಕರ್ಧ ಕತ್ತರಿಸುತ್ತಿದ್ದೆ. ಅದು ಓದುಗರ ದಡ್ಡತನ ಅಲ್ಲ.

ಹೆಸರಿಲ್ಲದವರ ಪ್ರದರ್ಶನಕ್ಕೆ ಯಾಕೆ ಹೋಗಬೇಕು? 1874ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಮೋನೆ, ರೆನ್ವಾ, ದೆಗಾ, ಬೆರ್ತ್ ಮೊರಿಸೊ ಮೊದಲಾದ ಮೂವತ್ತರಷ್ಟು ಕಲಾವಿದರು ಸೇರಿ ನಾದಾರ್ ಎಂಬ ಛಾಯಾಗ್ರಾಹಕನ ಹಳೆಯ ಸ್ಟುಡಿಯೋದಲ್ಲಿ ತಾವೇ ಪ್ರದರ್ಶನ ಇಟ್ಟರು. ಹಗಲು ದುಡಿಯುವವರೂ ಬರಲಿ ಅಂತಲೋ ಏನೋ, ರಾತ್ರಿ 8ರಿಂದ 10ರವರೆಗೂ ಬಾಗಿಲು ತೆರೆದಿತ್ತು. ಪತ್ರಿಕೆಯವರಲ್ಲಿ ಕೆಲವರು ಗೇಲಿ ಮಾಡಿದರು. (ನಮ್ಮ ವೃತ್ತಿಯ ಹಳೆಯ ಚಾಳಿ.) ಈಗ ಅದೇ ಚಿತ್ರಗಳ ಮುಂದೆ ಜನ ಸಾಲುಗಟ್ಟುತ್ತಾರೆ. ಹಾಗಂತ ಪ್ರತಿ ಸಣ್ಣ ಪ್ರದರ್ಶನದಲ್ಲೂ ಒಬ್ಬ ಮೋನೆ ಸಿಗುತ್ತಾನೆ ಎಂದು ನಾನು ಹೇಳುತ್ತಿಲ್ಲ. ಜಾಸ್ತಿ ಸಲ ಸಿಗುವುದಿಲ್ಲ. ಆದರೆ ಅಲ್ಲಿ ಚಿತ್ರ ಬರೆದವರೇ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ. ದೊಡ್ಡ ಮ್ಯೂಸಿಯಮ್ಮಿನಲ್ಲಿ ಈ ಭಾಗ್ಯ ಅಪರೂಪ. ಹೋಗಿ ಮಾತಾಡಿಸಿ. "ಇದರ ಅರ್ಥ ಏನು?" ಅಂತ ಮಾತ್ರ ಶುರುಮಾಡಬೇಡಿ, ಅವರಿಗೆ ಅದು ಕೇಳಿ ಕೇಳಿ ಸಾಕಾಗಿರುತ್ತದೆ. ಯಾವುದಕ್ಕೆ ಜಾಸ್ತಿ ದಿನ ಹಿಡಿಯಿತು, ಯಾವುದು ಕೈಕೊಟ್ಟಿತ್ತು, ಎಲ್ಲಿ ಮುಗಿಯಿತು ಅಂತ ಹೇಗೆ ತಿಳಿಯಿತು ಎಂದು ಕೇಳಿ ನೋಡಿ. ಉದ್ಘಾಟನೆಯ ಸಂಜೆ ಇದಕ್ಕೆಲ್ಲ ಸರಿಯಲ್ಲ. ಅವತ್ತು ಜನ ಜನರನ್ನು ನೋಡುತ್ತಾರೆ, ಗೋಡೆಗೆ ಬೆನ್ನು. ಒಂದೆರಡು ದಿನ ಬಿಟ್ಟು ಬೆಳಗ್ಗೆ ಹೋಗಿ.

ಕೊಳ್ಳದೆ ಬರಬಹುದಾ? ಖಂಡಿತ. ಬರುವವರಲ್ಲಿ ಬಹಳ ಜನ ಕೊಳ್ಳುವುದಿಲ್ಲ, ಅದು ಕಲಾವಿದರಿಗೂ ಗೊತ್ತು. ಫಲಕದ ಮೇಲೆ ಕೆಂಪು ಚುಕ್ಕಿ ಇದ್ದರೆ ಆ ಕೃತಿ ಮಾರಾಟವಾಗಿದೆ ಅಂತ. ಅಂಚಿನಲ್ಲಿ ಪೆನ್ಸಿಲ್ಲಿನಿಂದ 7/25 ಎಂದು ಬರೆದಿದ್ದರೆ ಅದು ಅಚ್ಚುಚಿತ್ರ. ಒಟ್ಟು 25 ಪ್ರತಿ, ಇದು ಏಳನೆಯ ನಂಬರಿನದು. ಮುಂದೊಂದು ದಿನ ಕೊಳ್ಳುವ ಮನಸ್ಸಾದರೆ ಇಂಥದ್ದರಿಂದ ಶುರುಮಾಡಿ, ಒಂದೇ ಪ್ರತಿ ಇರುವ ಚಿತ್ರಕ್ಕಿಂತ ಸಾಮಾನ್ಯವಾಗಿ ಅಗ್ಗ.

ಎಲ್ಲೆಲ್ಲಿ ಏನಿದೆ ಎಂದು ತಿಳಿಯುವುದು ಕಷ್ಟವಲ್ಲ. ಕಲಾ ಕಾಲೇಜಿನ ವರ್ಷದ ಕೊನೆಯ ಪ್ರದರ್ಶನ, ಗ್ರಂಥಾಲಯದ ನೋಟಿಸ್ ಬೋರ್ಡು, ರಂಗಮಂದಿರದ ತಿಂಗಳ ಪಟ್ಟಿ, ಇಷ್ಟು ಸಾಕು. ಅಭಿಪ್ರಾಯ ಪುಸ್ತಕದಲ್ಲಿ ಇಮೇಲ್ ವಿಳಾಸ ಬರೆದು ಬಂದರೆ ಮುಂದಿನ ಆಹ್ವಾನ ಬಂದರೂ ಬರಬಹುದು. ಸಂಗೀತಕ್ಕೂ ನಾಟಕಕ್ಕೂ ಒಂದೇ ಮಾತು: ಅವತ್ತಿಗೆ ಅದೊಂದೇ ಇರಲಿ. ನಾಟಕದ ಕೊನೆಗೆ ಸಂವಾದ ಇದ್ದರೆ ಏಳಬೇಡಿ.

ಇನ್ನು ಮಗಳ ವಿಷಯ. ಧಾರಾಳವಾಗಿ ಕರೆದುಕೊಂಡು ಹೋಗಿ. ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಕೊಡಿ. ಪೆನ್ ಬೇಡ, ಬಹಳಷ್ಟು ಮ್ಯೂಸಿಯಂಗಳು ಪೆನ್ ಬಳಸಲು ಬಿಡುವುದಿಲ್ಲ. ಯಾವ ಚಿತ್ರದ ಮುಂದೆ ನಿಲ್ಲಬೇಕು ಎಂದು ಅವಳೇ ಆರಿಸಲಿ, ಅಲ್ಲೇ ನೆಲದ ಮೇಲೆ ಕೂತು ಬರೆಯಲಿ. ಅವಳು ಸಾಕು ಅಂದ ತಕ್ಷಣ ಹೊರಡಿ. ಟಿಕೆಟ್ ತಗೊಂಡಿದ್ದೇವೆ ಅಂತ ಉಳಿದ ಕೋಣೆಗಳಿಗೆ ಎಳೆದುಕೊಂಡು ಹೋಗಬೇಡಿ.

— ಸಂಪಾದಕ