ಎಲ್‌ಎಲ್‌ನಲ್ಲಿ (ಕಲಿಯುವವರ ಲೈಸೆನ್ಸ್) ಮೊದಲ ಗೇರ್ ಬೈಕ್: 100 ಸಿಸಿಯೋ, 125 ಸಿಸಿಯೋ?

ವಯಸ್ಸು 18, ಎತ್ತರ 5 ಅಡಿ 3 ಇಂಚು, ಬೆಂಗಳೂರಿನ ಮಾರತ್ತಹಳ್ಳಿಯಿಂದ ಜಯನಗರಕ್ಕೆ ದಿನಾ ಓಡಾಟ, ಎಲ್‌ಎಲ್‌ನಲ್ಲಿ ಎಷ್ಟು ಸಿಸಿ ಓಡಿಸಬಹುದು ಅಂತ ಕೇಳಿದ್ದೀರಿ. 50 ಸಿಸಿ ಮಿತಿ 16 ತುಂಬಿದವರ ಗೇರ್ ಇಲ್ಲದ ಗಾಡಿಗೆ ಮಾತ್ರ. 18 ಆದಮೇಲೆ ಸಿಸಿ ಮಿತಿ ಇಲ್ಲ. ಆದರೆ ನಿಮ್ಮ ಎಲ್‌ಎಲ್‌ನಲ್ಲಿ ಗೇರ್ ಇರುವ ಬೈಕ್‌ನ ವರ್ಗ ನಮೂದಾಗಿದೆಯಾ ನೋಡಿ. ಎಲ್ ಬೋರ್ಡ್ ಹಾಕಿ. ಹಿಂದೆ ಸ್ನೇಹಿತರನ್ನು ಕೂರಿಸಬೇಡಿ, ಡಿಎಲ್ ಇದ್ದು ಕಲಿಸುವವರು ಮಾತ್ರ ಕೂರಬಹುದು.

ನಿಜವಾಗಿ ನೋಡಬೇಕಾದ್ದು ತೂಕ ಮತ್ತು ಸೀಟಿನ ಎತ್ತರ. 100 ಸಿಸಿ ವರ್ಗದ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆಜಿ, ಸೀಟು 785 ಮಿಮೀ. 150 ಸಿಸಿ ಗಾಡಿಗಳು 140 ಕೆಜಿ ಆಸುಪಾಸು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತು ನಿಂತು ಹೋಗುವಾಗ, ಬೇಸ್‌ಮೆಂಟ್ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ ಆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಶೋರೂಮ್‌ನಲ್ಲಿ ಶೂ ಹಾಕಿಕೊಂಡೇ ಕೂತು ನೋಡಿ: ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ನೆಲ ಮುಟ್ಟಬೇಕು.

ಫ್ಲೈಓವರ್ ಏರಲು, ಡಿಎಲ್ ಬಂದಮೇಲೆ ಇಬ್ಬರು ಕೂರಲು 125 ಸಿಸಿ ಹಿತ. ನಿಮಗೆ ಅದನ್ನೇ ಹೇಳುತ್ತೇನೆ. ಸಿಬಿಎಸ್ (ಎರಡೂ ಬ್ರೇಕ್ ಜೋಡಿಸಿರುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಆದರೂ ಮುಂದಿನ ಚಕ್ರದ ಕೈ ಬ್ರೇಕ್ ಹಿಡಿಯುವ ಅಭ್ಯಾಸ ಬಿಡಬೇಡಿ. ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಹಿಡಿದೇ ಹೋದರೆ ಪ್ಲೇಟ್ ಬೇಗ ಸವೆಯುತ್ತದೆ: ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲು ಕ್ಲಚ್ಚನ್ನೇ ಏರಿನಲ್ಲಿ ಪರೀಕ್ಷಿಸಿ, ಜೊತೆಗೆ ತಣ್ಣಗಿರುವ ಇಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಆ ಗಾಡಿ ಬೇಡ.