ಒಂದೇ ‘ಬಸ್’, ಮೂರು ಅರ್ಥ: ಉಪಗ್ರಹದೊಳಗಿನ ವಿದ್ಯುನ್ಮಾನದ ಪದಗಳು

ಪ್ರಶ್ನೆ: ಕುಂದಾಪುರದ ಬಳಿಯ ಪದವಿಪೂರ್ವ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಉಪಗ್ರಹಗಳ ಕುರಿತ ಬರಹಗಳಲ್ಲಿ ‘ಬಸ್’ ಎಂಬ ಪದವನ್ನು ಒಂದು ಕಡೆ ಉಪಗ್ರಹದ ಒಡಲು ಎಂಬ ಅರ್ಥದಲ್ಲಿ, ಇನ್ನೊಂದು ಕಡೆ ತಂತಿ ಎಂಬ ಅರ್ಥದಲ್ಲಿ ಬಳಸಿದ್ದಾರೆ. ಮಕ್ಕಳಿಗೆ ಯಾವುದನ್ನು ಹೇಳಬೇಕು?

ಉತ್ತರ: ಎರಡೂ ಸರಿ, ಮೂರನೆಯ ಅರ್ಥವೂ ಒಂದಿದೆ. ‘ಎಲ್ಲರಿಗಾಗಿ’ ಎಂಬ ಅರ್ಥದ ‘ಓಮ್ನಿಬಸ್’ ಎಂಬ ಲ್ಯಾಟಿನ್ ಪದದ ಬಾಲವೇ ಈ ‘ಬಸ್’. ಎಲ್ಲರೂ ಹಂಚಿಕೊಳ್ಳುವ ವಸ್ತು ಎಂಬ ತಿರುಳನ್ನು ಮಕ್ಕಳಿಗೆ ಮೊದಲು ಹೇಳಿಕೊಟ್ಟರೆ ಮೂರೂ ಅರ್ಥಗಳನ್ನು ಅವರೇ ಬಿಡಿಸಿಕೊಳ್ಳುತ್ತಾರೆ.

ಉಪಗ್ರಹದ ಕ್ಯಾಮೆರಾ, ದೂರದರ್ಶಕ ಮುಂತಾದ ಮುಖ್ಯ ಉಪಕರಣಗಳನ್ನು ಪೇಲೋಡ್ ಎನ್ನುತ್ತೇವೆ. ಅವುಗಳನ್ನು ಬಿಟ್ಟು ಉಳಿಯುವ ಚೌಕಟ್ಟು, ಸೌರಫಲಕ, ಬ್ಯಾಟರಿ, ಇಂಧನದ ಟ್ಯಾಂಕು, ಕಂಪ್ಯೂಟರು ಎಲ್ಲವೂ ಸೇರಿ ಮೊದಲನೆಯ ಅರ್ಥದ ಬಸ್ ಆಗುತ್ತದೆ. ಎಲ್ಲ ವಿದ್ಯುನ್ಮಾನ ಪೆಟ್ಟಿಗೆಗಳಿಗೂ ವಿದ್ಯುತ್ತನ್ನು ಹಂಚುವ ಸಾಮಾನ್ಯ ಮಾರ್ಗ ಪವರ್ ಬಸ್, ಅದು ಎರಡನೆಯದು. ಇದರ ಮಹತ್ವವನ್ನು ನಮ್ಮ ದೇಶ ಮೊದಲ ಉಪಗ್ರಹದಲ್ಲೇ ಕಲಿಯಿತು. ನಿಮ್ಮ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡ ಆರ್ಯಭಟ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತಾದರೂ, ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಉಪಕರಣ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ವಿದ್ಯುತ್ ತಲುಪಿಸುವ ದಾರಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು.

ಮೂರನೆಯದು ಡೇಟಾ ಬಸ್, ಪೆಟ್ಟಿಗೆಗಳು ಪರಸ್ಪರ ಮಾಹಿತಿ ಕಳಿಸಲು ಹಂಚಿಕೊಳ್ಳುವ ತಂತಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಏವಿಯಾನಿಕ್ಸ್’ ಎಂಬ ಕ್ಷೇತ್ರದ ಜೀವಾಳವೇ ಇದು. ‘ಏವಿಯೇಷನ್’ ಮತ್ತು ‘ಎಲೆಕ್ಟ್ರಾನಿಕ್ಸ್’ ಎಂಬ ಎರಡು ಪದಗಳನ್ನು ಬೆಸೆದು ವಿಮಾನದ ವಿದ್ಯುನ್ಮಾನಕ್ಕೆ ಇಟ್ಟ ಹೆಸರನ್ನೇ ಬಾಹ್ಯಾಕಾಶ ನೌಕೆಗೂ ಬಳಸುತ್ತೇವೆ. ಅದರ ಜೊತೆಗೆ ವಿಮಾನದ ಕೆಲವು ಪದ್ಧತಿಗಳೂ ಬಂದವು. ಅವುಗಳಲ್ಲಿ ಮುಖ್ಯವಾದದ್ದು 1970ರ ದಶಕದಲ್ಲಿ ಅಮೆರಿಕದ ಸೇನಾ ವಿಮಾನಗಳಿಗಾಗಿ ರೂಪಿಸಿದ 1553 ಎಂಬ ಮಾನಕ. ಅದಕ್ಕೂ ಮೊದಲು ಪ್ರತಿ ಪೆಟ್ಟಿಗೆಯಿಂದ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ತಂತಿ ಎಳೆಯಬೇಕಾಗಿದ್ದುದರಿಂದ ತಂತಿಯ ತೂಕವೇ ಹೊರೆಯಾಗುತ್ತಿತ್ತು. 1553 ಮಾನಕದಲ್ಲಿ ಒಟ್ಟಿಗೆ ಹೊಸೆದ ಒಂದು ಜೋಡಿ ತಂತಿಗೆ 31 ಪೆಟ್ಟಿಗೆಗಳ ತನಕ ಜೋಡಿಸಬಹುದು. ವೇಗ ಸೆಕೆಂಡಿಗೆ ಹತ್ತು ಲಕ್ಷ ಬಿಟ್ (ಒಂದು ಬಿಟ್ ಎಂದರೆ ಒಂದು ಸೊನ್ನೆ ಅಥವಾ ಒಂದು ಒಂದು). ಇಂದಿನ ಮನೆಯ ಇಂಟರ್‌ನೆಟ್ಟಿನ ಮುಂದೆ ಏನೂ ಅಲ್ಲ. ಆದರೂ ಅದು ಇಷ್ಟು ಕಾಲ ಉಳಿದಿರುವುದಕ್ಕೆ ಕಾರಣ ಅದರ ಶಿಸ್ತು. ಬಸ್ ಕಂಟ್ರೋಲರ್ ಎಂಬ ಒಂದೇ ಒಂದು ಪೆಟ್ಟಿಗೆ ಹೆಸರು ಹಿಡಿದು ಕರೆಯುವ ತನಕ ಉಳಿದ ಯಾವ ಪೆಟ್ಟಿಗೆಯೂ ಬಾಯಿ ತೆರೆಯುವಂತಿಲ್ಲ.

ತಾಳಮದ್ದಳೆ ನೋಡಿದ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಭಾಗವತರು ಪದ ಎತ್ತಿಕೊಡದೆ ಅರ್ಥಧಾರಿ ಮಾತಿಗೆ ತೊಡಗುವುದಿಲ್ಲ. ಹೋಲಿಕೆ ಒಂದು ಹಂತದ ತನಕ ಮಾತ್ರ ಸರಿ: ಅರ್ಥಧಾರಿ ಪದದ ಎಳೆ ಹಿಡಿದು ಅರ್ಧ ಗಂಟೆ ಮಾತನಾಡಬಹುದು, ಇಲ್ಲಿ ಒಂದು ಸಂದೇಶಕ್ಕೆ ಗರಿಷ್ಠ 32 ಪದಗಳಷ್ಟೇ ಅವಕಾಶ, ಒಂದೊಂದು ಪದವೂ 16 ಬಿಟ್ ಮಾಹಿತಿಯದು. ಯಾರು ಯಾವಾಗ ಮಾತನಾಡುತ್ತಾರೆ ಎಂಬುದು ಮೊದಲೇ ಗೊತ್ತಿರುವುದರಿಂದ, ಯಾರಾದರೂ ಮೌನವಾದರೆ ಅದೂ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ಮೂಡುಬಿದಿರೆಯ ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ಬಾಹ್ಯಾಕಾಶದ ವಿಕಿರಣದಿಂದ ಚಿಪ್‌ಗೆ ‘ಅಪ್‌ಸೆಟ್’ ಆಗುತ್ತದೆ, ‘ಲ್ಯಾಚ್‌ಅಪ್’ ಆಗುತ್ತದೆ ಎಂದು ಓದಿದೆ. ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಈ ವ್ಯತ್ಯಾಸವನ್ನು ಈಗಲೇ ಗಟ್ಟಿಯಾಗಿ ತಿಳಿದುಕೊಳ್ಳಿ. ಶಕ್ತಿಶಾಲಿ ಕಣವೊಂದು ಮೆಮೊರಿಯನ್ನು ಹಾದುಹೋಗುವಾಗ ಅಲ್ಲಿನ ಸೊನ್ನೆ ಒಂದಾದರೆ ಅಥವಾ ಒಂದು ಸೊನ್ನೆಯಾದರೆ ಅದು ಅಪ್‌ಸೆಟ್. ಚಿಪ್‌ಗೆ ಏನೂ ಆಗಿರುವುದಿಲ್ಲ, ಅದರಲ್ಲಿ ಬರೆದದ್ದು ಮಾತ್ರ ತಪ್ಪಿರುತ್ತದೆ. 2010ರಲ್ಲಿ ವಾಯೇಜರ್ 2 ನೌಕೆಯಿಂದ ಅರ್ಥವಾಗದ ದತ್ತಾಂಶ ಬರತೊಡಗಿದಾಗ, ಅದರ ದತ್ತಾಂಶ ಜೋಡಿಸುವ ಕಂಪ್ಯೂಟರಿನಲ್ಲಿ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಮಗುಚಿದ್ದು ಪತ್ತೆಯಾಯಿತು. ಭೂಮಿಯಿಂದಲೇ ಅದನ್ನು ಸರಿಪಡಿಸಿದರು. ಇಂತಹ ತಪ್ಪುಗಳು ಒಂದರ ಮೇಲೊಂದು ಸೇರದಂತೆ ಕಂಪ್ಯೂಟರು ಮೆಮೊರಿಯನ್ನು ನಿಯತವಾಗಿ ಓದಿ, ಹೆಚ್ಚುವರಿ ಬಿಟ್‌ಗಳ ನೆರವಿನಿಂದ ತಪ್ಪನ್ನು ತಿದ್ದಿ, ಮರಳಿ ಬರೆಯುತ್ತಿರುತ್ತದೆ. ಇದಕ್ಕೆ ‘ಸ್ಕ್ರಬ್ಬಿಂಗ್’ ಎಂದು ಹೆಸರು. ಪಾತ್ರೆ ತಿಕ್ಕುವುದು ಎಂಬ ಮನೆಯ ಅರ್ಥವೇ ಇಲ್ಲಿಗೂ ಒಪ್ಪುತ್ತದೆ.

ಲ್ಯಾಚ್‌ಅಪ್ ಹಾಗಲ್ಲ. ಅದೇ ಕಣ ಚಿಪ್‌ನ ಒಳರಚನೆಯಲ್ಲಿ ಯಾರೂ ಬಯಸದ ಒಂದು ಸ್ವಿಚ್ಚನ್ನು ಹಾಕಿಬಿಟ್ಟರೆ ವಿದ್ಯುತ್ ಪೂರೈಕೆಯಿಂದ ಭೂಸಂಪರ್ಕದ (ಗ್ರೌಂಡ್) ತಂತಿಗೆ ನೇರ ದಾರಿ ತೆರೆದು, ಪ್ರವಾಹ ಒಮ್ಮೆಲೇ ಏರುತ್ತದೆ. ಆ ಸ್ವಿಚ್ಚು ತಾನಾಗಿ ಆರುವುದಿಲ್ಲ. ತಕ್ಷಣ ವಿದ್ಯುತ್ ಕಡಿದು ಮತ್ತೆ ಕೊಡದಿದ್ದರೆ ಚಿಪ್ ಸುಟ್ಟೇಹೋಗಬಹುದು. ಅಪ್‌ಸೆಟ್‌ಗೆ ಮದ್ದು ತಂತ್ರಾಂಶದಲ್ಲಿದೆ, ಲ್ಯಾಚ್‌ಅಪ್‌ಗೆ ಮದ್ದು ವಿದ್ಯುತ್ ಮಂಡಲದಲ್ಲಿದೆ. ಒಂದರ ಔಷಧವನ್ನು ಇನ್ನೊಂದಕ್ಕೆ ಕೊಟ್ಟರೆ ಉಪಯೋಗವಿಲ್ಲ.

ಪ್ರಶ್ನೆ: ‘ರಿಡಂಡೆನ್ಸಿ’ ಎಂಬುದಕ್ಕೆ ನಿಘಂಟಿನಲ್ಲಿ ‘ಅನಗತ್ಯವಾದದ್ದು’ ಎಂಬ ಅರ್ಥವಿದೆ. ಅನಗತ್ಯವಾದದ್ದನ್ನು ಉಪಗ್ರಹದಲ್ಲಿ ಏಕೆ ಹೊತ್ತೊಯ್ಯುತ್ತಾರೆ? (ಓದುಗರೊಬ್ಬರು, ಸುರತ್ಕಲ್)

ಉತ್ತರ: ಅನುವಾದಕರು ಈ ಪದದಲ್ಲಿ ಎಡವುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಇಲ್ಲಿ ಅದರ ಅರ್ಥ ‘ಆಪತ್ತಿಗೆ ಇಟ್ಟುಕೊಂಡ ಜೊತೆ’. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕರೆಂಟು ಹೋದ ಕೂಡಲೇ ಇನ್ವರ್ಟರ್ ತಾನಾಗಿ ಕೆಲಸಕ್ಕೆ ತೊಡಗುತ್ತದೆ; ಅದಿಲ್ಲದ ಮನೆಯಲ್ಲಿ ಚಿಮಿಣಿ ದೀಪ ಹುಡುಕಿ ಹಚ್ಚಬೇಕು. ಸದಾ ಚಾಲೂ ಇರುವ ಜೊತೆಯನ್ನು ‘ಹಾಟ್’, ಬೇಕಾದಾಗ ಚಾಲೂ ಮಾಡುವ ಜೊತೆಯನ್ನು ‘ಕೋಲ್ಡ್’ ಎನ್ನುತ್ತಾರೆ.

ಜೊತೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, 40 ಸೆಕೆಂಡಿನ ಆಸುಪಾಸಿನಲ್ಲಿ, ನಾಶವಾಯಿತು. ದಿಕ್ಕು ಮತ್ತು ವೇಗ ಅಳೆಯುವ ಪೆಟ್ಟಿಗೆಗಳು ಎರಡಿದ್ದವು, ಎರಡೂ ಚಾಲೂ ಇದ್ದವು. ಆದರೆ ಎರಡರಲ್ಲೂ ಇದ್ದದ್ದು ಹಳೆಯ ಏರಿಯಾನ್ 4ರಿಂದ ತಂದ ಒಂದೇ ತಂತ್ರಾಂಶ. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗದಲ್ಲಿ ತುರುಕಲು ಹೋಗಿ ಒಂದು ಪೆಟ್ಟಿಗೆ ನಿಂತಿತು, ಕಣ್ಣು ಮಿಟುಕಿಸುವುದರೊಳಗೆ ಅದೇ ಕಾರಣಕ್ಕೆ ಇನ್ನೊಂದೂ ನಿಂತಿತು. ಯಂತ್ರಾಂಶಕ್ಕೆ ಜೊತೆಯಿತ್ತು, ತಪ್ಪಿಗೂ ಜೊತೆಯಿತ್ತು.

ಪ್ರಶ್ನೆ: ಉಡುಪಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಸೀಸವಿಲ್ಲದ ಸೋಲ್ಡರ್ ಒಳ್ಳೆಯದು ಎಂದು ಎಲ್ಲರೂ ಹೇಳುವಾಗ, ಉಪಗ್ರಹಗಳಿಗೆ ಸೀಸ ಬೆರೆತ ಸೋಲ್ಡರನ್ನೇ ಬಳಸುತ್ತಾರೆ ಎಂದು ಕೇಳಿದೆ. ನಿಜವೇ?

ಉತ್ತರ: ನಿಜ. ನಿಮ್ಮ ಪ್ರಶ್ನೆ ಓದಿದಾಗ ನನಗೆ ನೆನಪಾದದ್ದು ನಮ್ಮೂರಿಗೆ ಬರುತ್ತಿದ್ದ ಕಲಾಯಿಯವರು. ಕಾದ ಹಿತ್ತಾಳೆ ಪಾತ್ರೆಯ ಮೇಲೆ ಅವರು ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಏಳುತ್ತಿತ್ತು. ಆಮೇಲೆ ತವರದ ಕಡ್ಡಿಯನ್ನು ತಾಗಿಸಿ, ಹತ್ತಿಯ ಉಂಡೆಯಿಂದ ಒಂದೇ ಸಮನೆ ಒರೆಸಿದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅಲ್ಲಿ ನವಸಾಗರ ಮಾಡುತ್ತಿದ್ದ ಕೆಲಸವನ್ನು ನಿಮ್ಮ ಮೇಜಿನ ಮೇಲೆ ಫ್ಲಕ್ಸ್ ಮಾಡುತ್ತದೆ: ಲೋಹದ ಮೇಲಿನ ಆಕ್ಸೈಡನ್ನು ತೆಗೆದು ತವರ ಹಿಡಿಯುವಂತೆ ಮಾಡುತ್ತದೆ.

ಬಿಡಿಭಾಗಗಳ ಕಾಲುಗಳಿಗೂ ತುಕ್ಕು ಹಿಡಿಯದಂತೆ, ಬೆಸುಗೆ ಚೆನ್ನಾಗಿ ಕೂರುವಂತೆ ಇಂತಹ ಕಲಾಯಿಯನ್ನೇ ಮಾಡುತ್ತಾರೆ. ಆದರೆ ಆ ಲೇಪನ ಶುದ್ಧ ತವರದ್ದಾಗಿದ್ದರೆ, ಅದರೊಳಗಿನ ಒತ್ತಡದಿಂದ ಕಾಲಕ್ರಮೇಣ ಕೂದಲಿಗಿಂತ ಬಹಳ ತೆಳ್ಳಗಿನ ಲೋಹದ ಎಳೆಗಳು ತಾವಾಗಿ ಮೊಳೆಯುತ್ತವೆ. ಇವನ್ನು ‘ಟಿನ್ ವಿಸ್ಕರ್’ ಎನ್ನುತ್ತಾರೆ. ತವರದ ಮೀಸೆ ಎಂದರೂ ಸರಿಯೇ. ಕೆಲವು ಮಿಲಿಮೀಟರ್ ಉದ್ದ ಬೆಳೆದು ಪಕ್ಕದ ಕಾಲನ್ನು ಮುಟ್ಟಿದರೆ ಶಾರ್ಟ್ ಆಗುತ್ತದೆ. ಭೂಮಿಯ ಮೇಲೆ ಅನೇಕ ಸಲ ಆ ಎಳೆ ತಾನೇ ಕರಗಿ ಹರಿದುಹೋಗುತ್ತದೆ, ನಿರ್ವಾತದಲ್ಲಿ ಮಾತ್ರ ಕರಗಿದ ಲೋಹದ ಆವಿಯೇ ಭಾರಿ ಪ್ರವಾಹ ಹರಿಯುವ ದಾರಿಯಾಗಬಹುದು. 1998ರ ಮೇ ತಿಂಗಳಲ್ಲಿ ಗ್ಯಾಲಕ್ಸಿ 4 ಉಪಗ್ರಹದ ನಿಯಂತ್ರಣ ಕಂಪ್ಯೂಟರು ಕೆಟ್ಟು ಅಮೆರಿಕದ ಬಹುಪಾಲು ಪೇಜರ್‌ಗಳು ಸ್ತಬ್ಧವಾದದ್ದಕ್ಕೆ ಇಂತಹ ಎಳೆಯೇ ಕಾರಣವೆಂದು ನಿರ್ಧರಿಸಲಾಯಿತು. ಮೇಲಿನ ಪ್ರಶ್ನೆಗೂ ಇದು ಸಲ್ಲುತ್ತದೆ: ಅದರ ಜೊತೆ ಕಂಪ್ಯೂಟರು ಯಾರ ಗಮನಕ್ಕೂ ಬಾರದೆ ಅದಕ್ಕೂ ಮೊದಲೇ ಕೆಟ್ಟಿತ್ತು.

ತವರಕ್ಕೆ ಸ್ವಲ್ಪ ಸೀಸ ಬೆರೆಸಿದರೆ ಈ ಬೆಳವಣಿಗೆ ಬಹುಮಟ್ಟಿಗೆ ಅಡಗುತ್ತದೆ. ಆದ್ದರಿಂದಲೇ ಉಪಗ್ರಹದ ಭಾಗಗಳ ಲೇಪನದಲ್ಲಿ ಶೇಕಡಾ 3ರಷ್ಟಾದರೂ ಸೀಸ ಇರಬೇಕೆಂಬ ನಿಯಮವನ್ನು ಪಾಲಿಸುತ್ತಾರೆ, ಬೆಸುಗೆಗೆ 63 ಪಾಲು ತವರ, 37 ಪಾಲು ಸೀಸದ ಮಿಶ್ರಣವನ್ನು ಬಳಸುತ್ತಾರೆ. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡುವೆ ಅಂಬಲಿಯಾಗದೆ ನೇರವಾಗಿ ಕರಗುತ್ತದೆ. ನಿಮ್ಮ ಅಂಗಡಿಗೆ ಬರುವ ಫೋನುಗಳಲ್ಲಿ ಸೀಸವಿಲ್ಲದ ಬೆಸುಗೆಯೇ ಸರಿ, ಏಕೆಂದರೆ ಎಸೆದ ಫೋನಿನ ಸೀಸ ಕೊನೆಗೆ ಮಣ್ಣಿಗೂ ಬಾವಿಯ ನೀರಿಗೂ ಸೇರುತ್ತದೆ. ಉಪಗ್ರಹದ ವಿಚಾರ ಬೇರೆ. ನಿಮ್ಮ ಕಪಾಟಿನಲ್ಲಿ ಹಳೆಯ ರಿಲೇ ಅಥವಾ ತವರದ ಲೇಪನವಿರುವ ಲೋಹದ ಮುಚ್ಚಳ ಇದ್ದರೆ, ಮೈಕ್ರೊಸ್ಕೋಪಿನ ಕೆಳಗಿಟ್ಟು ಟಾರ್ಚನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದು, ಬೆಳಕನ್ನು ನಿಧಾನವಾಗಿ ಆಚೀಚೆ ಸರಿಸಿ ನೋಡಿ. ಎಳೆ ಇದ್ದರೆ ಒಂದು ಕೋನದಲ್ಲಿ ಮಾತ್ರ ಮಿಂಚಿ ಮರೆಯಾಗುತ್ತದೆ.