ಹೀರೇಕಾಯಿಯ ಹಸಿ ರಸ ಕುಡಿಯಬೇಡಿ

ಹೊಟ್ಟೆ ಕರಗಲು ದಿನವೂ ಬೆಳಗ್ಗೆ ಹೀರೇಕಾಯಿಯ ಹಸಿ ರಸ ಕುಡಿಯಬಹುದೇ ಎಂದು ಕೇಳಿದ್ದೀರಿ. ಇದೇ ಆಸೆಯಿಂದ ನಾಲ್ಕು ವರ್ಷಗಳ ಹಿಂದೆ ನಾನೂ ಶುರು ಮಾಡಿದ್ದೆ. ಒಂಬತ್ತನೆಯ ದಿನ ಕೈಗೆ ಡ್ರಿಪ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದೆ.

ಎಂಟು ದಿನ ಏನೂ ಆಗಿರಲಿಲ್ಲ. ಅಂದಿನ ಕಾಯಿಯೂ ಎಳೆಯದೇ, ಉಗುರು ಒತ್ತಿದರೆ ನೀರೊಸರುತ್ತಿತ್ತು. ಅಮ್ಮ ಹೀರೇಕಾಯಿ ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಒಂದು ತೆಳು ಬಿಲ್ಲೆ ಕುಯ್ದು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ಚಿಕ್ಕಂದಿನಿಂದ ಅದನ್ನು ನೋಡುತ್ತಲೇ ಬೆಳೆದವಳು ನಾನು, ಆದರೂ ಅಂದು ರುಚಿ ನೋಡಲಿಲ್ಲ. ನೇರವಾಗಿ ಮಿಕ್ಸಿಗೆ ಹಾಕಿ, ನಿಂಬೆರಸ, ಜೇನುತುಪ್ಪ ಬೆರೆಸಿದೆ. ಕಹಿ ಅರ್ಧ ಮುಚ್ಚಿಹೋಯಿತು. ಆದರೂ ಮೊದಲ ಗುಟುಕಿಗೇ ಗಂಟಲು ಹಿಡಿಯಿತು. ಆಗಲಾದರೂ ಉಗುಳಬೇಕಿತ್ತು. ಹಾಗಲಕಾಯಿ ಕಹಿಯಲ್ಲವೇ, ಇದೂ ಔಷಧದ ಕಹಿಯೇ ಎಂದುಕೊಂಡು ಲೋಟ ಬರಿದು ಮಾಡಿದೆ. ಹಾಗಲಕ್ಕೆ ಕಹಿ ಸಹಜ ಗುಣ. ಹೀರೇಕಾಯಿ, ಸೋರೆಕಾಯಿಗಳು ವಿಪರೀತ ಕಹಿಯಾದರೆ ಅದು ಕುಕುರ್ಬಿಟಾಸಿನ್ ಎಂಬ ವಿಷದ ಲಕ್ಷಣ; ಬೇಯಿಸಿದರೂ ಹೋಗುವುದಿಲ್ಲ. ಅರ್ಧ ಗಂಟೆಯೊಳಗೆ ವಾಂತಿ, ಭೇದಿ, ಕರುಳು ಹಿಂಡುವ ನೋವು. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, "ರಸ ಕಹಿಯಿತ್ತೇ?"

ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಸೋರೆಕಾಯಿ ರಸ ಕುಡಿದು ಜೀವ ಹೋದ ಪ್ರಕರಣಗಳನ್ನು ಪರಿಶೀಲಿಸಿದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು 2012ರಲ್ಲಿ ಹೇಳಿದ್ದೂ ನನ್ನ ಅಮ್ಮ ಮಾಡುತ್ತಿದ್ದುದನ್ನೇ: ಮೊದಲು ಒಂದು ಚೂರು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ.

ಇನ್ನು ನಿಮ್ಮ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ರಸ ಬೊಜ್ಜು ಕರಗಿಸುವುದಿಲ್ಲ. ನೂರು ಗ್ರಾಂ ಹೀರೇಕಾಯಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಗ್ರಾಂ ನೀರೇ. ಕ್ಯಾಲೊರಿ ಇಪ್ಪತ್ತರ ಆಸುಪಾಸು. ಹೊಟ್ಟೆ ತುಂಬಿಸಿ ಅನ್ನದ ಎರಡನೆಯ ಸೌಟು ಬೇಡವೆನಿಸುವುದು ಅದರ ನಾರು. ನೀವು ಸೋಸಿ ಚೆಲ್ಲುವುದು ಆ ನಾರನ್ನೇ.

ತಿರುಳಿಗೆ ತೊಗರಿಬೇಳೆ ಹಾಕಿ ತೊವ್ವೆ ಮಾಡಿ. ಏಣುಗಳ ಸಿಪ್ಪೆಯನ್ನು ಎಸೆಯಲೇಬೇಡಿ. ಒಂದು ಚಮಚ ಎಣ್ಣೆಯಲ್ಲಿ ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಹುರಿದು ತೆಗೆದು, ಅದೇ ಬಾಣಲೆಯಲ್ಲಿ ಸಿಪ್ಪೆಯನ್ನು ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಹುಣಸೆ, ತೆಂಗಿನತುರಿ ಸೇರಿಸಿ ತರಿತರಿಯಾಗಿ ರುಬ್ಬಿ. ಬಿಸಿ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಚಟ್ನಿ ನನಗೆ ಗೊತ್ತಿಲ್ಲ. ಪಲ್ಯ ಮಾಡುವುದಾದರೆ ಉಪ್ಪು ಕೊನೆಗೆ ಹಾಕಿ. ಬಾಣಲೆ ತುಂಬಿದ್ದ ಹೋಳು ಬೆಂದಾಗ ಅರ್ಧಕ್ಕಿಳಿಯುತ್ತದೆ. ಮೊದಲೇ ಹಾಕಿದರೆ ಉಪ್ಪು ಹೆಚ್ಚಾಗುತ್ತದೆ.